ಎಳೆ ಸಾಗವಾನಿ ತೋಪಿನಲ್ಲಿ ಎಲೆ ವಿಸ್ತೀರ್ಣ ಅಳೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹಳಿಯಾಳ, ಯಲ್ಲಾಪುರ, ದಾಂಡೇಲಿ ಕಡೆಯ ಮೂರು ವರ್ಷದ ಸಾಗವಾನಿ ತೋಪಿಗೆ ಸೆಪ್ಟೆಂಬರಿನಲ್ಲಿ ಹೋದರೆ ಒಂದು ಸಾಲಿನಲ್ಲಿ ಎಲೆಗೆ ಎಲೆ ತಾಗಿ ನೆರಳು ಕವಿದಿರುತ್ತದೆ. ಪಕ್ಕದ ಸಾಲಿನಲ್ಲಿ ಎರಡು ಗಿಡ ಸತ್ತ ಜಾಗದಲ್ಲಿ ಬಿಸಿಲು ನೇರ ನೆಲಕ್ಕೆ ಬೀಳುತ್ತಿರುತ್ತದೆ. ಎಳೆ ತೋಪಿನ ಎಲೆ ಲೆಕ್ಕ ಕಷ್ಟವಾಗುವುದು ಈ ಏರುಪೇರಿನಿಂದಲೇ. ಎಲೆಗಳ ಕೆಳಗೆ ಇಳಿಯುವ ಬೆಳಕಿನಿಂದ ಎಲೆ ಎಷ್ಟಿದೆ ಎಂದು ಅಂದಾಜಿಸುವ ಉಪಕರಣ ಬಲಿತ ಕಾಡಿನಲ್ಲಿ ಚೆನ್ನಾಗಿ ನಡೆಯುತ್ತದೆ, ಅದನ್ನು ಇಲ್ಲಿ ನೇರವಾಗಿ ಹಿಡಿದರೆ ಇರುವ ಎಲೆಯ ಅರ್ಧದಷ್ಟೇ ತೋರಿಸಿಬಿಡಬಹುದು. ಆದ್ದರಿಂದ ಮೊದಲು ಕೆಲವೇ ಮರಗಳ ಎಲೆಯನ್ನು ಕೈಯಾರೆ ಅಳೆದು ಕಾಂಡದ ವ್ಯಾಸದಿಂದ ಎಲೆ ವಿಸ್ತೀರ್ಣ ತಿಳಿಸುವ ಒಂದು ಸಮೀಕರಣವನ್ನು ಆ ತೋಪಿಗೇ ಕಟ್ಟಿಕೊಳ್ಳಿ, ಉಪಕರಣವನ್ನು ಆಮೇಲೆ ಅದರ ಜೊತೆ ಹೋಲಿಸಿ ಬಳಸಿ. ಈ ಬರಹದ ಕ್ರಮವೂ ಅದೇ.

ಇಲ್ಲಿ ಹೇಳುವ ವಿಧಾನ ಎರಡರಿಂದ ನಾಲ್ಕು ವರ್ಷದ, 2 ಮೀ. × 2 ಮೀ. ಅಂತರದಲ್ಲಿ ನೆಟ್ಟ ಸಾಗವಾನಿಗೆ ಹೊಂದುವಂಥದ್ದು. ಆ ಅಂತರದಲ್ಲಿ ಹೆಕ್ಟೇರಿಗೆ 2,500 ಗಿಡ, ಒಂದೊಂದು ಗಿಡದ ಪಾಲಿಗೆ 4 ಚದರ ಮೀಟರ್ ನೆಲ. ಬೇರೆ ಜಾತಿಗಳಿಗೆ ಎಲ್ಲಿ ಬದಲಾವಣೆ ಬೇಕು ಎಂಬುದನ್ನು ಕೊನೆಯಲ್ಲಿ ಹೇಳಿದೆ.

ಏನನ್ನು ಅಳೆಯುತ್ತಿದ್ದೇವೆ

ಎಲೆ ವಿಸ್ತೀರ್ಣ ಸೂಚ್ಯಂಕ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಎಷ್ಟು ಚದರ ಮೀಟರ್ ಎಲೆ ಇದೆ ಎಂಬ ಸಂಖ್ಯೆ. ಬೆಳೆಗಳ ಅಧ್ಯಯನದಲ್ಲಿ 1947ರಲ್ಲಿ ಡಿ.ಜೆ. ವಾಟ್ಸನ್ ಇದನ್ನು ಬಳಕೆಗೆ ತಂದರು. ಸಾಗವಾನಿಯಂಥ ಅಗಲ ಎಲೆಯ ಮರದಲ್ಲಿ ಎಲೆಯ ಒಂದೇ ಮುಖದ ವಿಸ್ತೀರ್ಣವನ್ನು ತೆಗೆದುಕೊಳ್ಳಬೇಕು. ಎರಡೂ ಮುಖ ಸೇರಿಸಿದರೆ ಉತ್ತರ ದುಪ್ಪಟ್ಟಾಗುತ್ತದೆ, ಬೇರೆಯವರ ಅಂಕಿಗಳೊಡನೆ ಹೋಲಿಸುವಂತಿಲ್ಲ. ಎಲೆಯ ತೊಟ್ಟು ವಿಸ್ತೀರ್ಣದಲ್ಲಿ ಸೇರುವುದಿಲ್ಲ. ಹುಳು ತಿಂದ ತೂತುಗಳು ಸೇರಬೇಕೇ ಬೇಡವೇ ಎಂಬುದನ್ನು ಕೆಲಸ ಶುರುವಾಗುವ ಮುನ್ನವೇ ನಿರ್ಧರಿಸಿ ಬರೆದಿಡಿ. ಬೆಳಕು ಹಿಡಿಯುವ ಲೆಕ್ಕಕ್ಕಾದರೆ ತೂತು ಕಳೆಯಬೇಕು. ಹುಳುವಿನಿಂದಾದ ನಷ್ಟ ತಿಳಿಯಬೇಕಾದರೆ ಎರಡೂ ಅಂಕಿ ಬೇಕು.

ಯಾವಾಗ ಹೋಗಬೇಕು

ಸಾಗವಾನಿ ಬೇಸಿಗೆಗೆ ಎಲೆ ಉದುರಿಸುವ ಮರ. ಮುಂಗಾರಿನ ಜೊತೆ ಹೊಸ ಎಲೆ ಬಿಟ್ಟು, ಮಳೆಗಾಲದ ಕೊನೆಯ ಹೊತ್ತಿಗೆ ತುಂಬಿ ನಿಲ್ಲುತ್ತದೆ. ಗರಿಷ್ಠ ಎಲೆ ಬೇಕಾದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಒಳ್ಳೆಯ ಸಮಯ. ಅದಕ್ಕಿಂತ ತಡಮಾಡಿದರೆ ಎಲೆಯನ್ನು ಬಲೆಯಂತೆ ನರ ಮಾತ್ರ ಉಳಿಸಿ ತಿನ್ನುವ ಹುಳುವಿನ ಕಾಟ ಏರುತ್ತದೆ, ಕೆಳಗಿನ ಎಲೆಗಳೂ ಹಣ್ಣಾಗತೊಡಗುತ್ತವೆ. ಮಳೆಗಾಲದ ಆರಂಭದಲ್ಲಿ ಬರುವ ಎಲೆ ಬರಿದುಮಾಡುವ ಹುಳು ಇನ್ನೊಂದು ಬಗೆಯದು. ಅದು ಎಳೆಯ ಎಲೆಯನ್ನು ನಡುನರವಷ್ಟೇ ಬಿಟ್ಟು ಮುಗಿಸುತ್ತದೆ, ಮರ ಮತ್ತೆ ಚಿಗುರುತ್ತದೆ. ಅಂಥ ವರ್ಷ ಎರಡನೆಯ ಚಿಗುರು ಪೂರ್ತಿ ಬಲಿಯುವವರೆಗೆ ಕಾಯಬೇಕು.

ದಿನದಲ್ಲಿ ಎಲೆ ಕೀಳುವ ಹೊತ್ತು ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುನ್ನ. ಸಾಗವಾನಿ ಎಲೆಯ ಕೆಳಮುಖದ ರೋಮ ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕೊಡವಿದರೂ ಹೋಗದ ಆ ನೀರು ತೂಕದ ಲೆಕ್ಕವನ್ನೇ ಕೆಡಿಸುತ್ತದೆ. ಮಳೆ ಬಂದು ನಿಂತ ಕೂಡಲೇ ತೂಗಬೇಡಿ.

ತಾಕು ಗುರುತಿಸುವುದು

20 ಮೀ. × 20 ಮೀ. ತಾಕು ಸಾಕು, ಆದರೆ ಒಂದೇ ತಾಕು ಸಾಲದು. ತೋಪಿನ ಬೇರೆ ಬೇರೆ ಭಾಗದಲ್ಲಿ ಕನಿಷ್ಠ ಮೂರು ತಾಕು ಇರಲಿ. ಇಳಿಜಾರಿದ್ದರೆ ಮೇಲೊಂದು, ನಡುವೊಂದು, ತಗ್ಗಿನಲ್ಲೊಂದು. ತೋಪಿನ ಅಂಚಿನ ಎರಡು ಸಾಲನ್ನು ಬಿಡಿ. ಅಲ್ಲಿನ ಮರಗಳಿಗೆ ಬದಿಯಿಂದ ಬೆಳಕು ಸಿಕ್ಕು ಕೆಳಗಿನವರೆಗೂ ಎಲೆ ಉಳಿದಿರುತ್ತದೆ.

ಹಗ್ಗ ಎಳೆಯುವಾಗ ಆಗುವ ಒಂದು ತಪ್ಪು ಉಳಿದ ಎಲ್ಲ ಎಚ್ಚರಿಕೆಯನ್ನೂ ನುಂಗಿಹಾಕುತ್ತದೆ. ಹಗ್ಗ ಹೊರ ಮರಗಳ ಕಾಂಡಕ್ಕೆ ತಾಗಿ ಹೋಗಬಾರದು, ಎರಡು ಸಾಲುಗಳ ನಟ್ಟನಡುವೆ ಹೋಗಬೇಕು. ಹತ್ತು ಸಾಲು, ಸಾಲಿಗೆ ಹತ್ತು ಗಿಡ ಇದ್ದರೆ ಅವುಗಳ ಪಾಲಿನ ನೆಲ 400 ಚ.ಮೀ. ಕಾಂಡದಿಂದ ಕಾಂಡಕ್ಕೆ ಹಗ್ಗ ಕಟ್ಟಿದರೆ ಒಳಗೆ ಸಿಗುವುದು 18 × 18, ಅಂದರೆ 324 ಚ.ಮೀ. ಮಾತ್ರ. ಅದೇ ನೂರು ಮರದ ಎಲೆಯನ್ನು 324ರಿಂದ ಭಾಗಿಸಿದರೆ ಸೂಚ್ಯಂಕ ಶೇಕಡಾ 23ರಷ್ಟು ಹೆಚ್ಚಾಗಿ ಬರುತ್ತದೆ. ಇಳಿಜಾರಿನಲ್ಲಿ ಟೇಪನ್ನು ನೆಲದ ಮೇಲೆ ಹಾಸದೆ ಸಮಮಟ್ಟಕ್ಕೆ ಎತ್ತಿ ಹಿಡಿದು ಅಳೆಯಿರಿ.

ಗಿಡ ಸತ್ತ ಜಾಗವನ್ನೂ ನೆಲದ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಅಲ್ಲಿ ಎಲೆ ಸೊನ್ನೆ, ನೆಲ 4 ಚ.ಮೀ. ನೋಂದಣಿ ಹಾಳೆಯಲ್ಲಿ ಆ ಸ್ಥಾನವನ್ನು ಖಾಲಿ ಬಿಡದೆ "ಸತ್ತಿದೆ" ಎಂದೇ ಬರೆಯಿರಿ.

ಎಲ್ಲ ಮರಗಳ ಅಳತೆ

ತಾಕಿನ ಪ್ರತಿ ಜೀವಂತ ಮರದಲ್ಲೂ ಎರಡು ಕಡೆ ಸುತ್ತಳತೆ ತೆಗೆಯಿರಿ: ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ ಮತ್ತು ಎದೆಮಟ್ಟದಲ್ಲಿ. ನಮ್ಮಲ್ಲಿ ಎದೆಮಟ್ಟವೆಂದರೆ 1.37 ಮೀ. ಎರಡು ವರ್ಷದ ಗಿಡದಲ್ಲಿ ಎದೆಮಟ್ಟದ ಕಾಂಡ ಇನ್ನೂ ಚಿಗುರಿನ ಹಾಗಿರಬಹುದು, ಆಗ 30 ಸೆಂ.ಮೀ.ಯ ಅಳತೆಯೇ ನಂಬಿಕೆಗೆ ಯೋಗ್ಯ. ಇನ್ನೂ ಕೆಳಗೆ ಹೋಗಬೇಡಿ. ಸ್ಟಂಪ್ (ಬೇರು, ಕಾಂಡ ಕತ್ತರಿಸಿದ ಸಸಿ) ನೆಟ್ಟ ಸಾಗವಾನಿಯ ಬುಡದಲ್ಲಿ ಗಂಟಿನಂತೆ ಉಬ್ಬು ಇರುತ್ತದೆ, ಅದು ಮರದ ಗಾತ್ರದ ಬಗ್ಗೆ ಏನನ್ನೂ ಹೇಳುವುದಿಲ್ಲ. ಸುತ್ತಳತೆಯನ್ನು 3.1416ರಿಂದ ಭಾಗಿಸಿದರೆ ವ್ಯಾಸ.

ಬುಡದಿಂದಲೇ ಎರಡು ಕಾಂಡ ಬಂದಿದ್ದರೆ ವ್ಯಾಸಗಳನ್ನು ಕೂಡಬೇಡಿ. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಿರಿ. 3 ಮತ್ತು 4 ಸೆಂ.ಮೀ. ಕಾಂಡಗಳಿದ್ದರೆ ಅದು 5 ಸೆಂ.ಮೀ.ಯ ಒಂದು ಕಾಂಡಕ್ಕೆ ಸಮ.

ಇದರ ಜೊತೆ ಮರದ ಎತ್ತರ, ಕೆಳಗಿನ ಹಸಿರು ಎಲೆಯ ಎತ್ತರ, ಮುಡಿಯ (ಎಲೆ ಕೊಂಬೆಗಳಿರುವ ಮೇಲ್ಭಾಗದ) ಅಗಲವನ್ನು ಸಾಲಿನ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಬರೆದುಕೊಳ್ಳಿ. ಎಲೆ ಕೀಳುವ ವಾರದಲ್ಲೇ ಈ ಅಳತೆಗಳೂ ಮುಗಿಯಬೇಕು. ಮಳೆಗಾಲದಲ್ಲಿ ಎಳೆ ಸಾಗವಾನಿ ಎಷ್ಟು ಬೇಗ ದಪ್ಪವಾಗುತ್ತದೆಂದರೆ ಜೂನ್ ತಿಂಗಳ ಸುತ್ತಳತೆಗೆ ಸೆಪ್ಟೆಂಬರಿನ ಎಲೆಯನ್ನು ಜೋಡಿಸಿದ ಸಮೀಕರಣ ಯಾವ ತಿಂಗಳಿಗೂ ಸರಿಹೊಂದುವುದಿಲ್ಲ.

ಮಾದರಿ ಮರಗಳನ್ನು ಆರಿಸುವುದು

ಎಲ್ಲ ತಾಕುಗಳ ಮರಗಳನ್ನೂ ವ್ಯಾಸದ ಪ್ರಕಾರ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಐದು ಗುಂಪು ಮಾಡಿ. ಪ್ರತಿ ಗುಂಪಿನಿಂದ ಮೂರು ಮರ ಚೀಟಿ ಎತ್ತಿ ಆರಿಸಿ. ಒಟ್ಟು ಹದಿನೈದು. ಅತಿ ಸಣ್ಣ ಮತ್ತು ಅತಿ ದೊಡ್ಡ ಮರಗಳ ಹತ್ತಿರದ ಗಾತ್ರದವು ಇವುಗಳಲ್ಲಿ ಇರಲೇಬೇಕು. ಇಲ್ಲದಿದ್ದರೆ ಸಮೀಕರಣವನ್ನು ಅಳೆಯದ ಗಾತ್ರಕ್ಕೂ ಎಳೆಯಬೇಕಾಗುತ್ತದೆ. "ನೋಡಲು ಚೆನ್ನಾಗಿದೆ" ಎಂದು ನೆಟ್ಟಗಿನ ಮರವನ್ನೇ ಆರಿಸುವ ಚಪಲವನ್ನು ಚೀಟಿಯೇ ತಪ್ಪಿಸುತ್ತದೆ.

ಮಧ್ಯಮ ಗಾತ್ರದ ಒಂದೇ ಮರದ ಎಲೆ ಅಳೆದು ಮರಗಳ ಸಂಖ್ಯೆಯಿಂದ ಗುಣಿಸುವ ಸುಲಭ ದಾರಿ ಬೇಡ. ಎಲೆ ವಿಸ್ತೀರ್ಣ ಸುಮಾರಾಗಿ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಉದಾಹರಣೆಗೆ ಎಲೆ ವಿಸ್ತೀರ್ಣ ವ್ಯಾಸದ ವರ್ಗದ ಕಾಲು ಭಾಗ ಎಂದಿಟ್ಟುಕೊಳ್ಳಿ. 4 ಸೆಂ.ಮೀ. ಮರಕ್ಕೆ 4 ಚ.ಮೀ., 8 ಸೆಂ.ಮೀ. ಮರಕ್ಕೆ 16 ಚ.ಮೀ., ಸರಾಸರಿ 10. ಆದರೆ ಸರಾಸರಿ ವ್ಯಾಸವಾದ 6 ಸೆಂ.ಮೀ.ಯ ಮರದಲ್ಲಿರುವುದು 9. ಗಾತ್ರದ ಏರುಪೇರು ಹೆಚ್ಚಿದಷ್ಟೂ ಈ ಕೊರತೆ ಹೆಚ್ಚುತ್ತದೆ.

ಮರ ಕಡಿಯುವುದಕ್ಕೆ ಅನುಮತಿ ಬೇಕು. ಇಲಾಖೆಯ ನೆಡುತೋಪಿನಲ್ಲಂತೂ ಸರಿಯೇ, ಸ್ವಂತ ಜಮೀನಿನ ಸಾಗವಾನಿಯಾದರೂ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಮರ ಬಲಿಕೊಡದೆ ಮುಗಿಸುವ ಒಂದು ದಾರಿ, ತೋಪಿನ ದಟ್ಟಣೆ ತಗ್ಗಿಸಲು ಕೆಲವು ಮರ ತೆಗೆಯುವ (ತೆಳುಗೊಳಿಸುವ) ಸಮಯಕ್ಕೆ ಕಾಯುವುದು. ಸಾಲುಬಿಟ್ಟು ಸಾಲು ತೆಗೆಯುವ ಮೊದಲ ತೆಳುಗೊಳಿಕೆಯಾದರೆ ಬಹಳ ಒಳ್ಳೆಯದು. ಅಲ್ಲಿ ಸಣ್ಣದು ದೊಡ್ಡದು ಎನ್ನದೆ ಎಲ್ಲ ಬಗೆಯ ಮರವೂ ಬೀಳುತ್ತದೆ. ಸೊರಗಿದವನ್ನಷ್ಟೇ ಆರಿಸಿ ತೆಗೆಯುವಾಗ ಸಿಗುವ ಮರಗಳಿಂದ ಸಮೀಕರಣ ಕಟ್ಟಬೇಡಿ. ಅವುಗಳಲ್ಲಿ ಅದೇ ವ್ಯಾಸದ ಆರೋಗ್ಯವಂತ ಮರಕ್ಕಿಂತ ಎಲೆ ಕಡಿಮೆ ಇರುತ್ತದೆ.

ಕಡಿಯಲು ಸಾಧ್ಯವೇ ಇಲ್ಲದಿದ್ದರೆ ಏಣಿ ಹಾಕಿ ಪ್ರತಿ ಎಲೆಯ ಉದ್ದ-ಅಗಲ ಅಳೆಯುವ ದಾರಿ ಇದೆ, ಮುಂದೆ ಹೇಳಿದೆ. ಸಾಗವಾನಿಯ ಎಲೆ ದೊಡ್ಡದು, ಎದುರುಬದುರು ಜೋಡಿಯಾಗಿ ಬರುವಂಥದ್ದು. ಎಣಿಸುವಾಗ ತಪ್ಪುವುದು ಕಡಿಮೆ. ಎಳೆ ಮರಗಳಲ್ಲಿ ಇದು ನಿಜಕ್ಕೂ ಮಾಡಬಹುದಾದ ಕೆಲಸ.

ಎಲೆ ಬಿಡಿಸಿ ತೂಗುವುದು

ಮರವನ್ನು ಹಾಸಿದ ಟಾರ್ಪಾಲಿನ ಮೇಲೆ ನಿಧಾನಕ್ಕೆ ಒರಗಿಸಿ. ಕೆಳಗಿನ ಹಸಿರು ಎಲೆಯಿಂದ ತುದಿಯವರೆಗಿನ ಉದ್ದವನ್ನು ಮೂರು ಸಮಭಾಗ ಮಾಡಿ ಬಣ್ಣದ ದಾರ ಕಟ್ಟಿ: ತುದಿ, ನಡು, ಕೆಳಗು. ಮೂರರ ಎಲೆಗೂ ಬೇರೆ ಬೇರೆ ಚೀಲ. ಈ ವಿಂಗಡಣೆಯನ್ನು ಬಿಡಲೇಬಾರದು. ಬಿಸಿಲಿಗೆ ನಿಂತ ತುದಿಯ ಎಲೆ ದಪ್ಪ, ನೆರಳಿನ ಕೆಳಗಿನ ಎಲೆ ತೆಳು. ಒಂದೇ ತೂಕಕ್ಕೆ ಕೆಳಗಿನ ಎಲೆ ಹೆಚ್ಚು ನೆಲ ಮುಚ್ಚುತ್ತದೆ.

ಒಂದು ಲೆಕ್ಕ ನೋಡಿ. ಒಂದು ಮರದಲ್ಲಿ ತುದಿಯ ಹಸಿ ಎಲೆ 600 ಗ್ರಾಂ, ನಡುವಿನದು 1,050 ಗ್ರಾಂ, ಕೆಳಗಿನದು 450 ಗ್ರಾಂ ಬಂತೆನ್ನಿ. ಮಾದರಿ ಎಲೆಗಳಿಂದ ಹಸಿ ಗ್ರಾಂ ಒಂದಕ್ಕೆ ಕ್ರಮವಾಗಿ 36, 42, 50 ಚ.ಸೆಂ.ಮೀ. ಸಿಕ್ಕಿದೆ. ಆಗ ತುದಿಯದು 2.16, ನಡುವಿನದು 4.41, ಕೆಳಗಿನದು 2.25 ಚ.ಮೀ., ಒಟ್ಟು 8.82. ಕೈಗೆ ಸಿಕ್ಕಿದ್ದೆಂದು ತುದಿಯ ಎಲೆಗಳನ್ನಷ್ಟೇ ಮಾದರಿಯಾಗಿ ತೆಗೆದುಕೊಂಡಿದ್ದರೆ 2,100 × 36, ಅಂದರೆ 7.56 ಚ.ಮೀ. ಬರುತ್ತಿತ್ತು. ಶೇಕಡಾ 14ರಷ್ಟು ಕಡಿಮೆ. ಎಷ್ಟು ದುಬಾರಿ ಸ್ಕ್ಯಾನರ್ ಇದ್ದರೂ ಈ ಕೊರತೆ ತುಂಬದು.

ಎಲೆಯನ್ನು ತೊಟ್ಟಿನ ಸಮೇತ ಕೀಳುವುದು ವೇಗದ ಕೆಲಸ. ಹಾಗೆ ಮಾಡಿದರೆ ಮಾದರಿ ಎಲೆಯನ್ನು ತೂಗುವಾಗಲೂ ತೊಟ್ಟು ಇರಲಿ, ವಿಸ್ತೀರ್ಣ ಅಳೆಯುವಾಗ ಮಾತ್ರ ಕತ್ತರಿಸಿ. ಒಂದು ಕಡೆ ತೊಟ್ಟು ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಇಡೀ ಮರದ ಲೆಕ್ಕ ವಾಲುತ್ತದೆ. ತುದಿಯ ಮಡಚಿದ ಚಿಗುರೆಲೆಗಳನ್ನೂ ತುದಿಯ ಚೀಲಕ್ಕೇ ಹಾಕಿ. ಒಣಗಿ ನೇತಾಡುವ ಎಲೆಗಳನ್ನು ಸೇರಿಸಬೇಡಿ.

ಪ್ರತಿ ಚೀಲವನ್ನು 5 ಗ್ರಾಂವರೆಗೆ ನಿಖರವಾದ ತಕ್ಕಡಿಯಲ್ಲಿ ಅಲ್ಲೇ ತೂಗಿ, ಚೀಲದ ತೂಕ ಕಳೆಯಿರಿ. ಎಲೆಯನ್ನು ಟಾರ್ಪಾಲಿನ ಮೇಲೆ ಸುರಿದು ಕಲಸಿ, ನೋಡದೆ ಇಪ್ಪತ್ತು ಎಲೆ ಎತ್ತಿಕೊಳ್ಳಿ. ಇಪ್ಪತ್ತಕ್ಕಿಂತ ಕಡಿಮೆ ಇದ್ದರೆ ಎಲ್ಲವನ್ನೂ ತೆಗೆದುಕೊಳ್ಳಿ. ಈ ಮಾದರಿಯನ್ನು ಅದೇ ಕ್ಷಣ, ಅದೇ ಜಾಗದಲ್ಲಿ 1 ಗ್ರಾಂ ಅಥವಾ ಇನ್ನೂ ನಿಖರವಾಗಿ ತೂಗಿ. ಪ್ರಯೋಗಾಲಯಕ್ಕೆ ಹೋಗಿ ತೂಗಿದರಾಯಿತು ಎಂದು ಬಿಡುವುದೇ ದೊಡ್ಡ ತಪ್ಪು. ಮೂರು ಗಂಟೆಯ ಪ್ರಯಾಣದಲ್ಲಿ ಎಲೆಯ ತೂಕ ಹತ್ತರಲ್ಲಿ ಒಂದು ಪಾಲು ಇಳಿದರೂ ಗ್ರಾಂ ಒಂದರ ವಿಸ್ತೀರ್ಣ ಶೇಕಡಾ 11ರಷ್ಟು ಹೆಚ್ಚಾಗಿ ತೋರುತ್ತದೆ, ಮರದ ಒಟ್ಟು ಎಲೆಯೂ ಅಷ್ಟೇ ಹಿಗ್ಗುತ್ತದೆ.

ತೂಗಿದ ಮಾದರಿ ಎಲೆಗಳನ್ನು ಒದ್ದೆ ಬಟ್ಟೆಯ ನಡುವೆ ಚಪ್ಪಟೆಯಾಗಿ ಜೋಡಿಸಿ, ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಐಸ್ ಪೆಟ್ಟಿಗೆಗೆ ಹಾಕಿ. ಮಡಚಬೇಡಿ. ಸಂಜೆಯೊಳಗೆ ವಿಸ್ತೀರ್ಣ ಮುಗಿಸಲಾಗುವಷ್ಟೇ ಮರಗಳನ್ನು ಆ ದಿನ ಕಡಿಯಿರಿ.

ವಿಸ್ತೀರ್ಣ: ಫೋಟೊ ಮತ್ತು ಇಮೇಜ್‌ಜೆ

ಬೆಲ್ಟ್ ಮೇಲೆ ಎಲೆ ಓಡಿಸುವ ವಿಸ್ತೀರ್ಣಮಾಪಕ ಸಿಕ್ಕರೆ ಕೆಲಸ ಸಲೀಸು. ಇಲ್ಲದವರು ಸಾಮಾನ್ಯವಾಗಿ ನೆಚ್ಚುವ ಎ4 ಸ್ಕ್ಯಾನರ್ ಎಳೆ ಸಾಗವಾನಿಗೆ ಸಾಲದು. ಈ ವಯಸ್ಸಿನ ಮರದಲ್ಲೇ ಎಲೆಗಳು ಅತಿ ದೊಡ್ಡವು. 40 ಸೆಂ.ಮೀ. ಮೀರಿದ ಎಲೆ ಸಾಮಾನ್ಯ, ಎ4 ಗಾಜು 21 × 29.7 ಸೆಂ.ಮೀ. ಮಾತ್ರ. ತುಂಡುಮಾಡಿ ಸ್ಕ್ಯಾನ್ ಮಾಡಬಹುದು, ಆದರೆ ತುಂಡು ಕಳೆದುಹೋಗುತ್ತದೆ, ಒಂದರ ಮೇಲೊಂದು ಏರುತ್ತದೆ. ಫೋಟೊ ಮೇಲು.

ಬೇಕಾದದ್ದು: 60 × 80 ಸೆಂ.ಮೀ. ಬಿಳಿ ಹಲಗೆ, ಅದೇ ಅಳತೆಯ ಮಾಸದ ಗಾಜು ಅಥವಾ ಅಕ್ರಿಲಿಕ್ ಹಾಳೆ, ಹಲಗೆಯ ನೇರ ಮೇಲೆ ಸುಮಾರು 1.5 ಮೀ. ಎತ್ತರದಲ್ಲಿ ಕೆಳಮುಖವಾಗಿ ಕಟ್ಟಿದ ಕ್ಯಾಮೆರಾ ಅಥವಾ ಫೋನ್, ಹಲಗೆಯ ಎರಡು ಅಂಚಿಗೆ ಅಂಟಿಸಿದ ಸ್ಕೇಲ್. ಕ್ಯಾಮೆರಾ ಹತ್ತಿರವಿದ್ದರೆ ಅಂಚಿನ ಎಲೆ ಸೊಟ್ಟಗಾಗುತ್ತದೆ. ಫೋನಿನ ಅಗಲ ನೋಟದ ಲೆನ್ಸ್ ಬಳಸಬೇಡಿ. ನೆರಳು ಬೀಳದ ಮೋಡದ ಬೆಳಕು ಅಥವಾ ವರಾಂಡದ ಬೆಳಕು ಸರಿಯಾದದ್ದು. ಗಾಜಿನ ಹೊಳಪು ಫೋಟೊದಲ್ಲಿ ಬಂದರೆ ಎಲೆಯ ನಡುವೆ ಬಿಳಿ ಮಚ್ಚೆ ಬಿದ್ದು ಅಷ್ಟು ವಿಸ್ತೀರ್ಣ ಕಳೆದುಹೋಗುತ್ತದೆ. ಎಲೆಯ ಏರಿಳಿತ ಒತ್ತಿ ಸಮಮಾಡುವಾಗ ಮಡಿಕೆ ಬೀಳದಂತೆ ನೋಡಿ. ದಪ್ಪ ನಡುನರ ಗಾಜನ್ನು ಎತ್ತುತ್ತಿದ್ದರೆ ಎಲೆಯನ್ನು ನಡುನರದ ಉದ್ದಕ್ಕೆ ಎರಡು ಸೀಳು ಮಾಡಿ.

ಇಮೇಜ್‌ಜೆ ಚಿತ್ರದಿಂದ ಅಳತೆ ತೆಗೆಯುವ ಉಚಿತ ತಂತ್ರಾಂಶ. ಅದರಲ್ಲಿ ಕ್ರಮ ಹೀಗೆ:

1. ಫೋಟೊ ತೆರೆದು ಸ್ಕೇಲಿನ ಮೇಲೆ ಸಾಧ್ಯವಾದಷ್ಟು ಉದ್ದದ ಗೆರೆ ಎಳೆಯಿರಿ, 50 ಸೆಂ.ಮೀ. ಇದ್ದರೆ ಒಳ್ಳೆಯದು. "ಅನಲೈಜ್" ಪಟ್ಟಿಯ "ಸೆಟ್ ಸ್ಕೇಲ್"ನಲ್ಲಿ ಆ ಉದ್ದ ತುಂಬಿ. ಇಲ್ಲಿ ಉದ್ದದಲ್ಲಿ ಶೇಕಡಾ 1 ತಪ್ಪಿದರೆ ವಿಸ್ತೀರ್ಣದಲ್ಲಿ ಶೇಕಡಾ 2 ತಪ್ಪುತ್ತದೆ.
2. ಚಿತ್ರವನ್ನು 8-ಬಿಟ್‌ಗೆ (ಕಪ್ಪು-ಬಿಳುಪಿಗೆ) ಬದಲಿಸಿ, "ಥ್ರೆಶೋಲ್ಡ್" ಎಳೆದು ಎಲೆ ಪೂರ್ತಿ ಬಣ್ಣ ತುಂಬುವಂತೆ, ಹಲಗೆ ಖಾಲಿಯಾಗಿ ಉಳಿಯುವಂತೆ ಹೊಂದಿಸಿ. ಹಳದಿ ತಿರುಗಿದ ಎಲೆ ಬಿಳಿ ಹಲಗೆಯ ಮೇಲೆ ಕೈಕೊಡುತ್ತದೆ. ಅಂಥವಕ್ಕೆ ಬಣ್ಣದ ಚಿತ್ರವನ್ನು ಮೂರು ವಾಹಿನಿಗಳಾಗಿ ಬಿಡಿಸಿ ನೀಲಿಯದನ್ನು ಬಳಸಿ.
3. "ಅನಲೈಜ್ ಪಾರ್ಟಿಕಲ್ಸ್"ನಲ್ಲಿ ಕನಿಷ್ಠ ಗಾತ್ರ 1 ಚ.ಸೆಂ.ಮೀ. ಎಂದು ಕೊಡಿ, ಧೂಳು ಮಚ್ಚೆಗಳು ಬಿಟ್ಟುಹೋಗುತ್ತವೆ. "ಇನ್‌ಕ್ಲೂಡ್ ಹೋಲ್ಸ್" ಗುರುತು ತೆಗೆದರೆ ಹುಳು ತಿಂದ ತೂತು ಕಳೆದ ವಿಸ್ತೀರ್ಣ ಸಿಗುತ್ತದೆ, ಗುರುತು ಹಾಕಿದರೆ ತೂತು ತುಂಬಿದ ವಿಸ್ತೀರ್ಣ. ಎರಡರ ವ್ಯತ್ಯಾಸವೇ ಎಲೆಯೊಳಗಿನ ನಷ್ಟ. ಅಂಚಿನಿಂದ ತಿಂದದ್ದು ಇದರಲ್ಲಿ ಬರುವುದಿಲ್ಲ.

ದಿನದ ಕೆಲಸ ಶುರುಮಾಡುವಾಗ ಮತ್ತು ಕ್ಯಾಮೆರಾ ಅಲುಗಿದಾಗಲೆಲ್ಲ ಒಂದು ಬಣ್ಣದ ಎ4 ಹಾಳೆಯ ಫೋಟೊ ತೆಗೆದು ಅಳೆಯಿರಿ. 623.7 ಚ.ಸೆಂ.ಮೀ. ಬರಬೇಕು. 617ರಿಂದ 630ರ ಆಚೆ ಹೋದರೆ ಕ್ಯಾಮೆರಾ ವಾಲಿದೆ ಅಥವಾ ಸ್ಕೇಲ್ ಗಾಜಿನ ಮಟ್ಟದಲ್ಲಿಲ್ಲ.

ಕಂಪ್ಯೂಟರ್ ಇಲ್ಲದ ಕಡೆ ಹಳೆಯ ವಿಧಾನ ಇಂದಿಗೂ ಗಟ್ಟಿ. ಎಲೆಯ ಅಂಚನ್ನು ಕಾಗದದ ಮೇಲೆ ಬರೆದು, ಕತ್ತರಿಸಿ, ಆ ಕಾಗದ ತೂಗುವುದು. 80 ಜಿಎಸ್‌ಎಂ ಎ4 ಹಾಳೆ ಸುಮಾರು 5 ಗ್ರಾಂ ತೂಗುತ್ತದೆ. ಆದರೆ ಆ ಅಂಕಿ ನಂಬದೆ, ಅದೇ ಕಟ್ಟಿನ ಹತ್ತು ಹಾಳೆ ತೂಗಿ ಸರಾಸರಿ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಕಾಗದ ತೇವ ಹೀರಿ ತೂಕ ಹೆಚ್ಚಿಸಿಕೊಂಡಿರುತ್ತದೆ.

ಉದ್ದ × ಅಗಲ: ಮರ ಕಡಿಯದವರ ದಾರಿ

ಎಲೆಯ ವಿಸ್ತೀರ್ಣ = ಉದ್ದ × ಅಗಲ × ಒಂದು ಗುಣಕ. ಉದ್ದವನ್ನು ಎಲೆಯ ಹಾಳೆ ಶುರುವಾಗುವಲ್ಲಿಂದ ತುದಿಯವರೆಗೆ ನಡುನರದ ಮೇಲೆ, ಅಗಲವನ್ನು ನಡುನರಕ್ಕೆ ಲಂಬವಾಗಿ ಅತಿ ಅಗಲದ ಜಾಗದಲ್ಲಿ ಅಳೆಯಿರಿ. ನಿಖರ ಅಂಡಾಕಾರಕ್ಕೆ ಗುಣಕ 0.785, ತ್ರಿಕೋನಕ್ಕೆ 0.5. ಸಾಗವಾನಿಯ ಎಲೆ ಇವೆರಡರ ನಡುವಿನ ಆಕಾರದ್ದು. ಎಲ್ಲೋ ಸಿಕ್ಕ ಗುಣಕ ಬಳಸದೆ ನಿಮ್ಮ ತೋಪಿನ ಐವತ್ತು ಅರವತ್ತು ಎಲೆಗಳಿಂದಲೇ ಕಂಡುಕೊಳ್ಳಿ. ಚಿಗುರಿನ ಸಣ್ಣೆಲೆಯಿಂದ ಬುಡದ ದೊಡ್ಡೆಲೆಯವರೆಗೆ ಎಲ್ಲ ಗಾತ್ರವೂ ಇರಲಿ. ಪ್ರತಿ ಎಲೆಯ ಗುಣಕ ಕಂಡು ಸರಾಸರಿ ಮಾಡುವ ಬದಲು ಎಲ್ಲ ಎಲೆಗಳ ವಿಸ್ತೀರ್ಣದ ಮೊತ್ತವನ್ನು ಎಲ್ಲ ಉದ್ದ × ಅಗಲಗಳ ಮೊತ್ತದಿಂದ ಭಾಗಿಸಿ. ಇಲ್ಲದಿದ್ದರೆ ಒಟ್ಟು ವಿಸ್ತೀರ್ಣಕ್ಕೆ ಹೆಚ್ಚೇನೂ ಸೇರಿಸದ ಸಣ್ಣೆಲೆಗಳಿಗೆ ದೊಡ್ಡೆಲೆಗಳಷ್ಟೇ ತೂಕ ಸಿಗುತ್ತದೆ.

ಈ ದಾರಿಯಲ್ಲಿ ಹುಳು ತಿಂದ ತೂತು ಕಾಣುವುದೇ ಇಲ್ಲ. ಪ್ರತಿ ಎಲೆಗೂ ಕಣ್ಣಂದಾಜಿನಲ್ಲಿ ಶೇಕಡಾವಾರು ನಷ್ಟ ಬರೆದುಕೊಳ್ಳಿ, ಅದೂ ಒಬ್ಬರೇ ಬರೆಯಲಿ.

ಓವನ್ ಬೇಕೇ?

ಎಲೆ ಒಣಗಿಸಿ, ಒಣ ಗ್ರಾಂಗೆ ಎಷ್ಟು ವಿಸ್ತೀರ್ಣ ಎಂದು ಲೆಕ್ಕ ಹಾಕುವುದು ರೂಢಿ. ಆದರೆ ಒಂದು ಮಾತು ಗಮನಿಸಿ: ಚೀಲವನ್ನೂ ಮಾದರಿಯನ್ನೂ ಒಟ್ಟಿಗೆ ಹಸಿಯಾಗಿ ತೂಗಿದ್ದರೆ, ಆ ಮರದ ಎಲೆ ವಿಸ್ತೀರ್ಣಕ್ಕೆ ಓವನ್ ಹೊಸದೇನನ್ನೂ ಸೇರಿಸುವುದಿಲ್ಲ. ಹಸಿ ತೂಕವನ್ನು ಒಣ ತೂಕಕ್ಕೆ, ಒಣ ತೂಕವನ್ನು ವಿಸ್ತೀರ್ಣಕ್ಕೆ ತಿರುಗಿಸುವಾಗ ಮಾದರಿಯ ಒಣ ತೂಕ ಗುಣಾಕಾರದಲ್ಲೂ ಭಾಗಾಕಾರದಲ್ಲೂ ಬಂದು ಹೊಡೆದುಹೋಗುತ್ತದೆ. ಓವನ್ ಬೇಕಾಗುವುದು ಎಲೆಯ ಜೀವರಾಶಿ ತಿಳಿಯಲು, ಬೇರೆ ವರ್ಷದೊಡನೆ ಎಲೆಯ ದಪ್ಪ ಹೋಲಿಸಲು, ಉದುರೆಲೆಯಿಂದ ಲೆಕ್ಕ ಮಾಡಲು. ಒಣಗಿಸುವುದಾದರೆ 65–70 ಡಿಗ್ರಿ ಸೆಲ್ಸಿಯಸ್‌ನಲ್ಲಿ 48 ಗಂಟೆ ಇಡಿ, ನಡುನರ ತುಂಡುಮಾಡಿ ಹಾಕಿ. ಆಮೇಲೂ ತೂಕ ಇಳಿಯುತ್ತಿದ್ದರೆ 72 ಗಂಟೆಗೆ ಏರಿಸಿ. ಓವನ್ನಿನಿಂದ ತೆಗೆದ ಎಲೆ ಮಳೆಗಾಲದ ಗಾಳಿಯ ತೇವವನ್ನು ನೋಡನೋಡುತ್ತಲೇ ಹೀರುತ್ತದೆ. ಡೆಸಿಕೇಟರ್‌ನಲ್ಲಿ (ಒಳಗಿನ ಗಾಳಿಯನ್ನು ಒಣಗಿಸಿಡುವ ಮುಚ್ಚಿದ ಪಾತ್ರೆಯಲ್ಲಿ) ಆರಿಸಿ ಕೂಡಲೇ ತೂಗಿ.

ಸಮೀಕರಣ ಕಟ್ಟಿ ತಾಕಿಗೆ ಹಬ್ಬಿಸುವುದು

ಹದಿನೈದು ಮರಗಳ ವ್ಯಾಸ ಮತ್ತು ಎಲೆ ವಿಸ್ತೀರ್ಣ ಎರಡಕ್ಕೂ ಸ್ವಾಭಾವಿಕ ಲಾಗ್ ತೆಗೆದು ಮೊದಲು ಚುಕ್ಕಿ ನಕ್ಷೆ ಹಾಕಿ ಕಣ್ಣಿಂದ ನೋಡಿ. ಒಂದು ಚುಕ್ಕಿ ದೂರ ನಿಂತಿದ್ದರೆ ಅಳಿಸುವ ಮುನ್ನ ನೋಂದಣಿ ಹಾಳೆ ತೆಗೆದು ನೋಡಿ. ಚೀಲದ ತೂಕ ಕಳೆಯಲು ಮರೆತಿರಬಹುದು, ತುದಿ ಮುರಿದ ಮರ ಆಗಿರಬಹುದು. ತುದಿ ಮುರಿದ ಮರ ತೋಪಿನಲ್ಲಿ ಇದ್ದದ್ದೇ ಆದರೆ ಅದು ಲೆಕ್ಕದಲ್ಲೂ ಉಳಿಯಬೇಕು.

ಸರಳ ರೇಖೆ ಹೊಂದಿಸಿದಾಗ ಮೂರು ಅಂಕಿ ಸಿಗುತ್ತವೆ: ಆರಂಭ (ವ್ಯಾಸದ ಲಾಗ್ ಸೊನ್ನೆ ಇರುವಲ್ಲಿ ರೇಖೆಯ ಬೆಲೆ), ಇಳಿಜಾರು, ಉಳಿಕೆಯ ಪ್ರಮಾಣಿತ ದೋಷ (ಚುಕ್ಕಿಗಳು ರೇಖೆಯಿಂದ ಎಷ್ಟು ಚದುರಿವೆ ಎಂಬ ಅಂಕಿ). ಲಾಗ್‌ನಿಂದ ಮರಳಿ ಬರುವಾಗ ಉತ್ತರ ಯಾವಾಗಲೂ ತುಸು ಕಡಿಮೆ ಬರುತ್ತದೆ. ಅದನ್ನು ಸರಿಪಡಿಸಲು ದೋಷದ ವರ್ಗದ ಅರ್ಧವನ್ನು e (2.718) ಸಂಖ್ಯೆಯ ಘಾತವಾಗಿ ತೆಗೆದುಕೊಂಡ ಗುಣಕದಿಂದ ಗುಣಿಸಬೇಕು. ದೋಷ 0.25 ಇದ್ದರೆ ಗುಣಕ 1.032, 0.4 ಇದ್ದರೆ 1.083. ಉದಾಹರಣೆಗೆ ಆರಂಭ −1.20, ಇಳಿಜಾರು 1.90, ದೋಷ 0.25 ಬಂದಿದ್ದರೆ 6 ಸೆಂ.ಮೀ. ಮರಕ್ಕೆ 9.06 ಚ.ಮೀ., ತಿದ್ದಿದ ಮೇಲೆ 9.35 ಚ.ಮೀ.

ಇದನ್ನು ತಾಕಿನ ಪ್ರತಿ ಮರಕ್ಕೂ ಹಚ್ಚಿ ಕೂಡಿ, 400ರಿಂದ ಭಾಗಿಸಿ. 93 ಜೀವಂತ ಮರಗಳ ಮೊತ್ತ 702 ಚ.ಮೀ. ಬಂದರೆ ಸೂಚ್ಯಂಕ 1.76. ಫಲಿತಾಂಶದ ಏರಿಳಿತ ಹೇಳುವಾಗ ತಾಕುಗಳ ನಡುವಿನ ವ್ಯತ್ಯಾಸ ಕೊಡಿ, ಮರಗಳ ನಡುವಿನದ್ದಲ್ಲ.

ಕೆಳಗಿನ ಎಲೆಗಳು ಉದುರಿ ಮುಡಿ ಮೇಲೆ ಸರಿದಂತೆ ಬುಡದ ವ್ಯಾಸ ಎಲೆಯ ಒಳ್ಳೆಯ ಸೂಚಕವಾಗಿ ಉಳಿಯುವುದಿಲ್ಲ. ಆಗ ಮುಡಿ ಶುರುವಾಗುವ ಜಾಗದ ಕಾಂಡದ ವ್ಯಾಸ ಹೆಚ್ಚು ಚೆನ್ನಾಗಿ ಹೊಂದುತ್ತದೆ. 1964ರಲ್ಲಿ ಶಿನೊಜಾಕಿ ಮತ್ತು ಸಂಗಡಿಗರು ಮುಂದಿಟ್ಟ ಕೊಳವೆ ಮಾದರಿ ಇದಕ್ಕೆ ಕಾರಣ ಕೊಡುತ್ತದೆ: ಇಷ್ಟು ಎಲೆಗೆ ನೀರು ಕೊಡಲು ಕೆಲಸ ಮಾಡುವ ಇಷ್ಟು ಕೊಳವೆಗಳು ಬೇಕು, ಮುಡಿಯ ಕೆಳಗಿನ ಕಾಂಡದಲ್ಲಿ ಕೆಲಸ ಬಿಟ್ಟ ಹಳೆಯ ಕೊಳವೆಗಳೂ ಸೇರಿಕೊಂಡಿರುತ್ತವೆ. ಆದ್ದರಿಂದ ಎರಡನೆಯ ವರ್ಷದ ಸಮೀಕರಣವನ್ನು ನಾಲ್ಕನೆಯ ವರ್ಷಕ್ಕೆ ಬಳಸಬೇಡಿ.

ಬೆಳಕಿನ ಉಪಕರಣಗಳು: ಎಲ್ಲಿ ಎಡವುತ್ತವೆ, ಹೇಗೆ ತಿದ್ದಬೇಕು

ಮೊನ್ಸಿ ಮತ್ತು ಸಾಯೆಕಿ 1953ರಲ್ಲಿ ತೋರಿಸಿದಂತೆ, ಎಲೆಚಪ್ಪರದ ಮೂಲಕ ಇಳಿಯುವ ಬೆಳಕು ಎಲೆ ಹೆಚ್ಚಿದಂತೆ ಘಾತೀಯವಾಗಿ ಕುಗ್ಗುತ್ತದೆ. ಕೆಳಗೆ ಸಿಕ್ಕ ಬೆಳಕಿನ ಪಾಲಿನ ಋಣ ಲಾಗ್ ತೆಗೆದು ಕ್ಷೀಣತೆಯ ಗುಣಾಂಕದಿಂದ (ಎಲೆ ಎಷ್ಟು ಬೇಗ ಬೆಳಕು ಕುಗ್ಗಿಸುತ್ತದೆ ಎಂಬ ಸಂಖ್ಯೆಯಿಂದ) ಭಾಗಿಸಿದರೆ ಸೂಚ್ಯಂಕ. ಎಲೆಗಳು ಸಮನಾಗಿ ಹರಡಿವೆ ಎಂಬುದು ಈ ಲೆಕ್ಕದ ಬುನಾದಿ. ಎಳೆ ತೋಪಿನಲ್ಲಿ ಆ ಬುನಾದಿಯೇ ಇಲ್ಲ.

ನೆಲದ ಅರ್ಧ ಭಾಗದ ಮೇಲೆ ಸೂಚ್ಯಂಕ 4, ಉಳಿದರ್ಧ ಬೋಳು ಎಂದುಕೊಳ್ಳಿ. ನಿಜವಾದ ಸರಾಸರಿ 2. ಗುಣಾಂಕ 0.5 ಆದರೆ ಮರದಡಿ 0.135 ಪಾಲು ಬೆಳಕು, ಬಯಲಲ್ಲಿ 1. ಬೆಳಕಿನ ಸರಾಸರಿ 0.568. ಅದರಿಂದ ಬರುವ ಸೂಚ್ಯಂಕ 1.13. ಶೇಕಡಾ 43ರಷ್ಟು ಎಲೆ ಮಾಯ! ಉಪಕರಣ ಕೆಟ್ಟಿಲ್ಲ, ಸರಾಸರಿ ತೆಗೆದ ಕ್ರಮ ತಪ್ಪು. ಪ್ರತಿ ಬಿಂದುವಿನಲ್ಲೂ ಮೊದಲು ಲಾಗ್ ತೆಗೆದು, ಲಾಗ್‌ಗಳ ಸರಾಸರಿ ಮಾಡಿದರೆ 0 ಮತ್ತು 2ರ ಸರಾಸರಿ 1, ಅದನ್ನು 0.5ರಿಂದ ಭಾಗಿಸಿದರೆ ಸರಿಯಾದ 2. ಲ್ಯಾಂಗ್ ಮತ್ತು ಶಿಯಾಂಗ್ 1986ರಲ್ಲಿ ಹೇಳಿದ ದಾರಿ ಇದೇ. ಕೋಲಿನಾಕಾರದ ಬೆಳಕುಮಾಪಕವಾದ ಸೆಪ್ಟೋಮೀಟರ್ ಬಳಸುವವರು ಪ್ರತಿ ಓದನ್ನೂ ಬೇರೆಯಾಗಿ ಉಳಿಸಿಕೊಳ್ಳಿ, ಉಪಕರಣವೇ ಮಾಡಿಕೊಡುವ ಸರಾಸರಿಯನ್ನು ಒಪ್ಪಬೇಡಿ. ಬಿಂದುಗಳನ್ನು ಸಾಲಿನ ಮೇಲೆ, ಸಾಲಿನ ನಡುವೆ, ನಾಲ್ಕು ಮರಗಳ ಕೇಂದ್ರದಲ್ಲಿ ಹೀಗೆ 4 ಚ.ಮೀ. ಚೌಕವನ್ನು ಸಮನಾಗಿ ಆವರಿಸುವಂತೆ ಹಂಚಿ.

ಎಲ್‌ಎಐ-2200ರಂಥ, ಮೀನ್‌ಕಣ್ಣಿನ ಲೆನ್ಸಿನಿಂದ ಆಕಾಶವನ್ನು ಉಂಗುರ ಉಂಗುರವಾಗಿ ನೋಡಿ ಎಲೆ ಅಂದಾಜಿಸುವ ಉಪಕರಣದಲ್ಲಿ ಇನ್ನೆರಡು ತೊಡಕು. ಅದರ ಹೊರ ಉಂಗುರ ನೆತ್ತಿಯಿಂದ 68 ಡಿಗ್ರಿ ವಾಲಿ ನೋಡುತ್ತದೆ. ಉಪಕರಣದಿಂದ 4 ಮೀ. ಮೇಲಿನ ಎಲೆಯನ್ನು ಅದು 10 ಮೀ. ದೂರದಲ್ಲಿ ಕಾಣುತ್ತದೆ. ತಾಕಿನ ಅಂಚಿನಲ್ಲಿ ನಿಂತರೆ ನೋಡುವುದು ಪಕ್ಕದ ಹೊಲವನ್ನು. ಎರಡನೆಯದು, ಸಾಗವಾನಿಯ ಒಂದೇ ಎಲೆ ಲೆನ್ಸಿನ ಹತ್ತಿರವಿದ್ದರೆ ಅರ್ಧ ಆಕಾಶ ಮುಚ್ಚುತ್ತದೆ. ಹತ್ತಿರದ ಎಲೆ ಅದರ ಅಗಲದ ನಾಲ್ಕು ಪಟ್ಟಾದರೂ ದೂರವಿರಲಿ. 30 ಸೆಂ.ಮೀ. ಅಗಲದ ಎಲೆಗೆ 1.2 ಮೀ. ದೂರ ಬೇಕು. ಕೆಳಗಿನವರೆಗೂ ಎಲೆ ಇರುವ ಎರಡು ವರ್ಷದ ಗಿಡಗಳಲ್ಲಿ ಇದು ಸಾಧ್ಯವಾಗದು. ಅಲ್ಲಿ ಈ ಉಪಕರಣದ ಆಸೆ ಬಿಟ್ಟು ಕೈ ಅಳತೆಯಲ್ಲೇ ನಿಲ್ಲಿ. ಲಂಟಾನ, ಕಮ್ಯುನಿಸ್ಟ್ ಗಿಡ ಬೆಳೆದಿದ್ದರೆ ಓದು ತೆಗೆಯುವ ಮುನ್ನ ಸವರಿಸಿ, ಇಲ್ಲದಿದ್ದರೆ ಕಳೆಯ ಎಲೆಯೂ ಸಾಗವಾನಿಯ ಲೆಕ್ಕಕ್ಕೆ ಬರುತ್ತದೆ.

ಕಾಸಿಲ್ಲದ ಒಂದು ಉಪಾಯ ಫೋನ್. ನೆತ್ತಿಯಿಂದ 57.5 ಡಿಗ್ರಿ ಓರೆಯಲ್ಲಿ ಎಲೆ ಯಾವ ಕೋನದಲ್ಲಿ ನಿಂತಿದ್ದರೂ ಬೆಳಕು ತಡೆಯುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ಫೋನಿನ ಕೋನಮಾಪಕ ನೋಡಿ ಆ ಓರೆಗೆ ಹಿಡಿದು, ಮೋಡ ಸಮನಾಗಿ ಕವಿದ ಹೊತ್ತಿನಲ್ಲಿ, ಬೆಳಕು ತುಸು ತಗ್ಗಿಸಿ ಫೋಟೊ ತೆಗೆಯಿರಿ. ಚಿತ್ರದ ನಡುಪಟ್ಟಿಯಲ್ಲಿ ಆಕಾಶದ ಪಾಲು ಕಂಡು, ಋಣ ಲಾಗ್ ತೆಗೆದು 1.075ರಿಂದ ಗುಣಿಸಿ. ಇಲ್ಲೂ ಲಾಗ್ ಮೊದಲು, ಸರಾಸರಿ ಆಮೇಲೆ. ಆಕಾಶ ಒಂದಿಷ್ಟೂ ಕಾಣದ ಫೋಟೊಕ್ಕೆ ಲಾಗ್ ಇಲ್ಲ. ಅಂಥವು ಹೆಚ್ಚಿದ್ದರೆ ಪಟ್ಟಿಯನ್ನು ಅಗಲಿಸಿ.

ಈ ಉಪಕರಣಗಳೆಲ್ಲ ಕಾಂಡ ಕೊಂಬೆಗಳನ್ನೂ ಎಲೆಯೆಂದೇ ಎಣಿಸುತ್ತವೆ. ಸಾಗವಾನಿಯಲ್ಲಿ ಇದನ್ನು ತಿಳಿಯುವ ಅನುಕೂಲ ಇದೆ: ಎಲೆ ಪೂರ್ತಿ ಉದುರಿದ ಬೇಸಿಗೆಯಲ್ಲಿ ಅದೇ ಬಿಂದುಗಳಲ್ಲಿ ಮತ್ತೆ ಅಳೆಯಿರಿ. ಬಂದ ಅಂಕಿಯನ್ನು ಪೂರ್ತಿ ಕಳೆಯುವಂತಿಲ್ಲ, ಏಕೆಂದರೆ ಎಲೆ ಇದ್ದಾಗ ಎಷ್ಟೋ ಕೊಂಬೆ ಎಲೆಯ ಹಿಂದೆ ಅಡಗಿರುತ್ತದೆ. ಅದು ಕಳೆಯಬಹುದಾದ ಗರಿಷ್ಠ.

ಉದುರೆಲೆ ಬಲೆ

ಎಲೆ ಉದುರುವ ಜಾತಿಯಾದ್ದರಿಂದ 1 ಚ.ಮೀ. ಬಲೆ ಕಟ್ಟಿ ವಾರಕ್ಕೊಮ್ಮೆ ಎಲೆ ಕೂಡಿಹಾಕುವ ವಿಧಾನವೂ ಇದೆ. ಎಳೆ ತೋಪಿನಲ್ಲಿ ಇದು ಪೂರಕವಷ್ಟೇ. ಒಣಗಿದ ದೊಡ್ಡೆಲೆಯನ್ನು ಗಾಳಿ ಖಾಲಿ ಜಾಗಗಳಿಗೆ ಹೊತ್ತೊಯ್ಯುತ್ತದೆ. ಬಿದ್ದ ಎಲೆ ಮುದುಡಿರುತ್ತದೆ, ನೀರಲ್ಲಿ ನೆನೆಸಿ ಬಿಡಿಸಿ ಅಳೆಯಬೇಕು. ಮಳೆಗಾಲದ ನಡುವೆಯೇ ಉದುರಿ ಮತ್ತೆ ಹುಟ್ಟಿದ ಎಲೆಯೂ ಸೇರುವುದರಿಂದ ವರ್ಷದ ಮೊತ್ತ ಯಾವುದೇ ಒಂದು ದಿನದ ಸೂಚ್ಯಂಕಕ್ಕಿಂತ ಹೆಚ್ಚು ಬರುತ್ತದೆ.

ಬೇರೆ ಜಾತಿಗಳಲ್ಲಿ

ಹೆಬ್ಬೇವಿನದು ಕವಲೊಡೆದ ಸಂಯುಕ್ತ ಎಲೆ. ಉದ್ದ × ಅಗಲ ಅಲ್ಲಿ ನಡೆಯದು. ಕಿರುಎಲೆಗಳನ್ನು ದಂಟಿನಿಂದ ಬಿಡಿಸಿ, ದಂಟನ್ನು ಪ್ರತ್ಯೇಕ ತೂಗಿ, ಕಿರುಎಲೆಗಳನ್ನಷ್ಟೇ ಸ್ಕ್ಯಾನ್ ಮಾಡಿ. ಇಲ್ಲಿ ಎ4 ಸ್ಕ್ಯಾನರ್ ಚೆನ್ನಾಗಿ ನಡೆಯುತ್ತದೆ. ಕಿರುಎಲೆ ಬೇಗ ಬಾಡುವುದರಿಂದ ಒಂದು ಮರವನ್ನು ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಹೋಗಿ. ಸಿಲ್ವರ್ ಓಕ್‌ನ ಜರಿಯಂಥ ಎಲೆಗೂ ಸ್ಕ್ಯಾನರೇ ಸರಿ, ಆದರೆ ಅದರ ಕೆಳಮುಖ ಬೆಳ್ಳಗಿರುವುದರಿಂದ ಹಸಿರು ಮುಖ ಲೆನ್ಸಿನ ಕಡೆಗಿರಬೇಕು.

ಕರಾವಳಿಯ ಗಾಳಿಮರದಲ್ಲಿ ಎಲೆಯ ಕೆಲಸ ಮಾಡುವುದು ಸೂಜಿಯಂಥ ಹಸಿರು ಕಿರುಕೊಂಬೆ. ಅದಕ್ಕೆ ಒಟ್ಟು ಹೊರಮೈಯ ಅರ್ಧವನ್ನು ವಿಸ್ತೀರ್ಣವಾಗಿ ತೆಗೆದುಕೊಳ್ಳುವುದು ಸರಿಯಾದ ಕ್ರಮ. ಉದ್ದ × ದಪ್ಪ × 1.571. ದಪ್ಪವನ್ನು ಸ್ಕೇಲಿನಲ್ಲಲ್ಲ, ಸೂಕ್ಷ್ಮಮಾಪಕದಲ್ಲಿ ಅಥವಾ 600 ಡಿಪಿಐಗಿಂತ ಮೇಲಿನ ಸ್ಕ್ಯಾನ್‌ನಲ್ಲಿ ಅಳೆಯಿರಿ. 300 ಡಿಪಿಐನಲ್ಲಿ ಒಂದು ಪಿಕ್ಸೆಲ್ 0.085 ಮಿ.ಮೀ., ಮಿಲಿಮೀಟರಿಗಿಂತ ತೆಳುವಾದ ಕಿರುಕೊಂಬೆಯಲ್ಲಿ ಅಂಚಿನ ಒಂದು ಪಿಕ್ಸೆಲ್ ಹೆಚ್ಚುಕಡಿಮೆಯಾದರೂ ವಿಸ್ತೀರ್ಣ ಹತ್ತನೇ ಒಂದು ಪಾಲು ತಪ್ಪುತ್ತದೆ.